ಹೃದಯದೊಳಗಿನ ವಿದ್ಯುತ್ತಿಗೂ ರಕ್ತದ ಓಟಕ್ಕೂ ನಡುವೆ ಏನು ನಡೆಯುತ್ತದೆ?

ಜಿಜ್ಞಾಸು:

ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ಬಲಭಾಗವು ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತದೆ, ಎಡಭಾಗವು ದೇಹಕ್ಕೆಲ್ಲ ಕಳುಹಿಸುತ್ತದೆ ಎಂಬಷ್ಟು ಶಾಲೆಯಲ್ಲಿ ಓದಿದ್ದು ನೆನಪಿದೆ. ಇಸಿಜಿ ಎಂಬುದು ಹೃದಯದ ವಿದ್ಯುತ್ತಿನ ದಾಖಲೆ ಎಂಬುದೂ ಗೊತ್ತು. ಆದರೆ ಈ ಎರಡು ಸಂಗತಿಗಳ ನಡುವಿನ ಕೊಂಡಿ ನನಗೆ ಸಿಕ್ಕಿಲ್ಲ. ತಂತಿಯೂ ಬ್ಯಾಟರಿಯೂ ಇಲ್ಲದ ಮಾಂಸದ ಮುದ್ದೆಯಲ್ಲಿ ವಿದ್ಯುತ್ತು ಹುಟ್ಟುವುದು ಎಲ್ಲಿ? ಅದು ಮಿದುಳಿನ ಅಪ್ಪಣೆಯಲ್ಲ ಎನ್ನುವುದಾದರೆ, ಗಾಬರಿಯಾದಾಗ ಎದೆಬಡಿತ ಏರುವುದೇಕೆ? ಇನ್ನೊಂದು ಮಾತು: ನಮ್ಮ ಸಂಬಂಧಿಕರೊಬ್ಬರ ಇಸಿಜಿ ಸರಿಯಾಗಿದೆ ಎಂದ ವೈದ್ಯರೇ ಎಕೋ ಪರೀಕ್ಷೆಯನ್ನೂ ಮಾಡಿಸಿ ಎಂದರು. ವಿದ್ಯುತ್ತು ಸರಿಯಿದ್ದರೆ ಹೃದಯವೂ ಸರಿಯಿದೆ ಎಂದೇ ಅರ್ಥವಲ್ಲವೇ? ತಿಳಿದವರು ಸ್ವಲ್ಪ ವಿಸ್ತಾರವಾಗಿಯೇ ಬರೆದರೆ ಉಪಕಾರವಾದೀತು.

ಶರೀರಶಾಸ್ತ್ರ ಬೋಧಕ:

ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಆದರೆ ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲ ಪ್ರಶ್ನೆಯಿಂದಲೇ ಹೊರಡಬೇಕು.

ದೇಹದ ವಿದ್ಯುತ್ತು ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಬಗೆಯದಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಪೊರೆಯ ಒಳಗೆ ಪೊಟ್ಯಾಸಿಯಂ ಅನ್ನು ಹೆಚ್ಚಾಗಿಯೂ, ಹೊರಗೆ ಸೋಡಿಯಂ ಮತ್ತು ಕ್ಯಾಲ್ಸಿಯಂ ಅನ್ನು ಹೆಚ್ಚಾಗಿಯೂ ಇರಿಸಿಕೊಂಡಿರುತ್ತದೆ. ಈ ಅಸಮತೆಯನ್ನು ಕಾಯ್ದುಕೊಳ್ಳಲು ಕೋಶವು ಸದಾ ಶಕ್ತಿಯನ್ನು ವ್ಯಯಿಸುತ್ತಿರಬೇಕು. ಇದರ ಫಲವಾಗಿ ಹೃತ್ಕುಕ್ಷಿಯ, ಎಂದರೆ ಹೃದಯದ ಕೆಳಗಿನ ಕೋಣೆಯ, ಸ್ನಾಯುಕೋಶವೊಂದು ವಿಶ್ರಾಂತಿಯಲ್ಲಿರುವಾಗ ಅದರ ಒಳಭಾಗವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ಗಳಷ್ಟು ಋಣಾತ್ಮಕವಾಗಿರುತ್ತದೆ. ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳು ತೆರೆದು ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಳನುಗ್ಗಿದಾಗ ಈ ವ್ಯತ್ಯಾಸ ಕ್ಷಣಕಾಲ ತಲೆಕೆಳಗಾಗುತ್ತದೆ. ನಾವು ಹೃದಯದ ವಿದ್ಯುತ್ತು ಎನ್ನುವುದು ಇದನ್ನೇ.

ಸಾಮಾನ್ಯ ಸ್ನಾಯುಕೋಶವು ಪಕ್ಕದ ಕೋಶ ಕೆಣಕುವವರೆಗೆ ಸುಮ್ಮನಿರುತ್ತದೆ. ಆದರೆ ಮೇಲಿನ ಮಹಾಭಿಧಮನಿಯು ಬಲ ಹೃತ್ಕರ್ಣವನ್ನು (ಬಲಭಾಗದ ಮೇಲಿನ ಕೋಣೆಯನ್ನು) ಸೇರುವ ಜಾಗದಲ್ಲಿರುವ ಒಂದು ಪುಟ್ಟ ಕೋಶಸಮೂಹಕ್ಕೆ ಸುಮ್ಮನಿರುವುದೇ ತಿಳಿಯದು. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬ ಇಬ್ಬರು 1907ರಲ್ಲಿ ಇದನ್ನು ಗುರುತಿಸಿದರು. ಇಂದು ನಾವು ಇದನ್ನು ಸೈನಸ್ ನೋಡ್ ಅಥವಾ ಎಸ್‌ಎ ನೋಡ್ ಎನ್ನುತ್ತೇವೆ. ಒಂದು ಬಡಿತ ಮುಗಿದು ಇಲ್ಲಿಯ ಕೋಶಗಳ ವೋಲ್ಟೇಜು ಸುಮಾರು ಮೈನಸ್ 60 ಮಿಲಿವೋಲ್ಟ್‌ಗೆ ಇಳಿದ ಕೂಡಲೇ ಕೆಲವು ವಿಶೇಷ ದ್ವಾರಗಳು ತೆರೆದುಕೊಂಡು ಸೋಡಿಯಂ ಮೆಲ್ಲಗೆ ಒಳಸೋರತೊಡಗುತ್ತದೆ. ವೋಲ್ಟೇಜು ಇಳಿದಾಗ ತೆರೆದುಕೊಳ್ಳುವ ಈ ದ್ವಾರಗಳ ನಡವಳಿಕೆಯು ಮಿಕ್ಕ ದ್ವಾರಗಳಿಗೆ ತೀರ ವಿರುದ್ಧವಾಗಿದ್ದುದರಿಂದ, ಅದನ್ನು ವಿವರಿಸಿದ ವಿಜ್ಞಾನಿಗಳು ಆ ಪ್ರವಾಹಕ್ಕೆ ‘ಫನ್ನಿ ಕರೆಂಟ್’ ಎಂದೇ ಹೆಸರಿಟ್ಟರು. ಗಂಭೀರ ವಿಜ್ಞಾನದಲ್ಲಿ ಇಂಥ ಹೆಸರು ಉಳಿದುಕೊಂಡದ್ದು ನನಗೆ ಇಂದಿಗೂ ಖುಷಿ ಕೊಡುತ್ತದೆ. ವೋಲ್ಟೇಜು ಹೀಗೆ ಏರುತ್ತಾ ಮೈನಸ್ 40ರ ಆಸುಪಾಸಿಗೆ ಬಂದಾಗ ಕ್ಯಾಲ್ಸಿಯಂ ದ್ವಾರಗಳು ತೆರೆಯುತ್ತವೆ, ಒಂದು ಹೊಸ ಬಡಿತ ಹುಟ್ಟುತ್ತದೆ. ಮುಗಿದೊಡನೆ ಮತ್ತೆ ಅದೇ ಸೋರಿಕೆ, ಮತ್ತೆ ಅದೇ ಏರಿಕೆ.

ಇನ್ನು ಮಿದುಳಿನ ಪಾತ್ರ. ನರಗಳ ಪ್ರಭಾವವನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ವಯಸ್ಕರ ಸೈನಸ್ ನೋಡ್ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ನಾವು ಕುಳಿತಿರುವಾಗ ನಾಡಿ 70ರ ಸುತ್ತ ಇರುವುದು ಮಿದುಳಿನಿಂದ ಇಳಿದುಬರುವ ವೇಗಸ್ ನರವು ಸದಾ ಅದನ್ನು ಹಿಡಿದೆಳೆಯುತ್ತಿರುವುದರಿಂದ. ಗಾಬರಿಯಾದಾಗ ಮೊದಲು ಈ ಹಿಡಿತ ಸಡಿಲುತ್ತದೆ, ಅದರ ಬೆನ್ನಿಗೇ ದೇಹವನ್ನು ತುರ್ತಿಗೆ ಅಣಿಗೊಳಿಸುವ ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ನೂ ಸೋರಿಕೆಯ ವೇಗವನ್ನು ಹೆಚ್ಚಿಸುತ್ತವೆ. ಅಂದರೆ ಮಿದುಳು ಬಡಿತವನ್ನು ಹುಟ್ಟಿಸುವುದಿಲ್ಲ, ಹುಟ್ಟುತ್ತಿರುವ ಬಡಿತದ ವೇಗವನ್ನು ತಿದ್ದುತ್ತದೆ. ಕಸಿ ಮಾಡಿದ ಹೃದಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಶಸ್ತ್ರಚಿಕಿತ್ಸೆಯಲ್ಲಿ ನರಗಳೆಲ್ಲ ಕತ್ತರಿಸಿಹೋಗಿದ್ದರೂ ಆ ಹೃದಯ ಬಡಿಯುತ್ತದೆ, ಆದರೆ ವಿಶ್ರಾಂತಿಯಲ್ಲೂ ಅದರ ವೇಗ 90ರಿಂದ 110ರವರೆಗೆ ಇರುವುದು ಸಾಮಾನ್ಯ. ಅಂಥವರು ಮೆಟ್ಟಿಲು ಹತ್ತಿದರೆ ರಕ್ತದಲ್ಲಿನ ಅಡ್ರಿನಲಿನ್ ಏರುವ ತನಕ ಬಡಿತ ಹೆಚ್ಚುವುದಿಲ್ಲ, ಕುಳಿತ ಮೇಲೂ ಅದು ನಿಧಾನವಾಗಿಯೇ ಇಳಿಯುತ್ತದೆ.

ವಿದ್ಯುತ್ ಇಂಜಿನಿಯರ್:

ವಿವರಣೆ ಚೆನ್ನಾಗಿದೆ. ಆದರೆ ನನ್ನ ವೃತ್ತಿಯ ದೃಷ್ಟಿಯಿಂದ ಒಂದು ತಕರಾರು. ಎಲ್ಲ ಕೋಶಗಳೂ ಒಂದಕ್ಕೊಂದು ವಿದ್ಯುತ್ತಿನಿಂದ ಕೂಡಿಕೊಂಡಿದ್ದು, ಒಂದು ಕಡೆ ಹುಟ್ಟಿದ ಸಂಕೇತ ಎಲ್ಲ ಕಡೆಗೂ ಹಬ್ಬುವುದಾದರೆ, ಮೇಲಿನ ಕೋಣೆಗಳೂ ಕೆಳಗಿನ ಕೋಣೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಸಂಕುಚಿಸಬೇಕಲ್ಲವೇ? ಹಾಗೆ ಆದರೆ ರಕ್ತ ಮೇಲಿನಿಂದ ಕೆಳಗಿಳಿಯಲು ಅವಕಾಶವೇ ಇರುವುದಿಲ್ಲ. ಈ ಅನುಕ್ರಮವನ್ನು ಕಾಯುವ ಏರ್ಪಾಟು ಯಾವುದು?

ಶರೀರಶಾಸ್ತ್ರ ಬೋಧಕ:

ತಕರಾರು ನ್ಯಾಯವಾದದ್ದು. ಅನುಕ್ರಮವನ್ನು ಕಾಯುವುದು ಒಂದು ಗೋಡೆ ಮತ್ತು ಆ ಗೋಡೆಯಲ್ಲಿರುವ ಒಂದೇ ಒಂದು ಬಾಗಿಲು.

ಸಾಲಾಗಿ ನಿಂತ ಜನರು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವಂತೆ, ಹೃದಯದ ಪ್ರತಿ ಕೋಶವೂ ಉದ್ರೇಕವನ್ನು ಪಕ್ಕದ ಕೋಶಕ್ಕೆ ದಾಟಿಸುತ್ತದೆ. ಹೃತ್ಕರ್ಣಗಳಲ್ಲಿ ಈ ಅಲೆಯು ಸೆಕೆಂಡಿಗೆ ಸುಮಾರು ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಹಬ್ಬುತ್ತದೆ. ಆದರೆ ಹೃತ್ಕರ್ಣಗಳಿಗೂ ಹೃತ್ಕುಕ್ಷಿಗಳಿಗೂ ನಡುವೆ, ನಾಲ್ಕು ಕವಾಟಗಳನ್ನು ಹಿಡಿದುಕೊಂಡಿರುವ ನಾರಿನ ಚೌಕಟ್ಟೊಂದು ಇದೆ. ಈ ನಾರಿಗೆ ವಿದ್ಯುತ್ತು ದಾಟಿಸುವ ಗುಣವಿಲ್ಲ. ಇದನ್ನು ಹಾದುಹೋಗಲು ಸಹಜವಾಗಿ ಇರುವ ದಾರಿ ಒಂದೇ: ಎವಿ ನೋಡ್ ಎಂಬ ಇನ್ನೊಂದು ಕೋಶಸಮೂಹ, ಅದರ ಮುಂದುವರಿಕೆಯಾದ ಹಿಸ್ ಕಟ್ಟು.

ಈಗ ಎವಿ ನೋಡ್‌ನ ಬಳಿ ಸ್ವಲ್ಪ ನಿಲ್ಲೋಣ, ಏಕೆಂದರೆ ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜಾಣತನವಿರುವುದು ಇಲ್ಲಿಯೇ. ಇಲ್ಲಿಯ ಕೋಶಗಳು ಸಣ್ಣವು, ಒಂದಕ್ಕೊಂದು ಇರುವ ಸಂಪರ್ಕಗಳು ವಿರಳ, ವೇಗದ ಸೋಡಿಯಂ ಪ್ರವಾಹದ ಬದಲು ನಿಧಾನದ ಕ್ಯಾಲ್ಸಿಯಂ ಪ್ರವಾಹವನ್ನು ಅವು ನೆಚ್ಚಿಕೊಂಡಿವೆ. ಹೀಗಾಗಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರಿಗೆ ಕುಸಿಯುತ್ತದೆ. ಕೆಲವೇ ಮಿಲಿಮೀಟರ್ ಉದ್ದದ ಈ ಜಾಗವನ್ನು ದಾಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಹೃತ್ಕರ್ಣಗಳು ಸಂಕುಚಿಸಿ, ತಮ್ಮಲ್ಲಿ ಉಳಿದ ರಕ್ತವನ್ನು ಕೆಳಗಿನ ಕೋಣೆಗಳಿಗೆ ತಳ್ಳಿ ಮುಗಿಸುತ್ತವೆ. ವಿಳಂಬವೆಂದರೆ ದೋಷವೆಂದು ನಾವು ಭಾವಿಸುತ್ತೇವೆ. ಇಲ್ಲಿ ವಿಳಂಬವೇ ಕೆಲಸ.

ಆ ಬಾಗಿಲು ದಾಟಿದ ಮೇಲೆ ಎಲ್ಲವೂ ತದ್ವಿರುದ್ಧ. ಹಿಸ್ ಕಟ್ಟು ಬಲ ಮತ್ತು ಎಡ ಕವಲುಗಳಾಗಿ ಒಡೆದು, ಒಳಮೈಯಲ್ಲೆಲ್ಲ ಪರ್ಕಿಂಜೆ ತಂತುಗಳಾಗಿ ಹರಡುತ್ತದೆ. ಇವುಗಳಲ್ಲಿ ಅಲೆಯ ವೇಗ ಸೆಕೆಂಡಿಗೆ 2ರಿಂದ 4 ಮೀಟರ್. ಆದ್ದರಿಂದ ಎರಡೂ ಹೃತ್ಕುಕ್ಷಿಗಳ ಕೋಟ್ಯಂತರ ಕೋಶಗಳು ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಎಚ್ಚರಗೊಳ್ಳುತ್ತವೆ. ತಂತುಗಳು ಮೊದಲು ತುದಿಯ ಕಡೆಗೆ ಇಳಿದು ಬಳಿಕ ಮೇಲಕ್ಕೆ ಹೊರಳುವುದರಿಂದ ಸಂಕೋಚನವೂ ತುದಿಯಿಂದ ಬುಡದತ್ತ ಸಾಗುತ್ತದೆ. ರಕ್ತ ಹೊರಹೋಗುವ ಅಪಧಮನಿಗಳು ಇರುವುದೂ ಮೇಲ್ಭಾಗದಲ್ಲಿಯೇ ಅಲ್ಲವೇ.

ಈ ದಾರಿಯನ್ನು ಕಂಡುಹಿಡಿದ ಕಥೆ ಹಿಂದುಮುಂದಾಗಿದೆ. ಪರ್ಕಿಂಜೆ ಎಂಬ ವಿಜ್ಞಾನಿ ತನ್ನ ಹೆಸರಿನ ತಂತುಗಳನ್ನು 1839ರಲ್ಲಿಯೇ ಕಂಡ, ಆದರೆ ಅವುಗಳ ಉಪಯೋಗ ತಿಳಿದಿರಲಿಲ್ಲ. ವಿಲ್ಹೆಲ್ಮ್ ಹಿಸ್ ತನ್ನ ಹೆಸರಿನ ಕಟ್ಟನ್ನು 1893ರಲ್ಲಿ ವರ್ಣಿಸಿದ. ಜಪಾನಿನಿಂದ ಜರ್ಮನಿಗೆ ಹೋಗಿ ದುಡಿಯುತ್ತಿದ್ದ ಸುನಾವೊ ತವಾರ 1906ರಲ್ಲಿ ಎವಿ ನೋಡ್ ಅನ್ನು ಗುರುತಿಸಿ, ಅಲ್ಲಿಂದ ಪರ್ಕಿಂಜೆ ತಂತುಗಳವರೆಗೆ ಇರುವುದು ಒಂದೇ ಅಖಂಡ ಮಾರ್ಗ ಎಂದು ತೋರಿಸಿಕೊಟ್ಟ. ಎಲ್ಲಕ್ಕೂ ಆರಂಭದ ಜಾಗವಾದ ಸೈನಸ್ ನೋಡ್ ಸಿಕ್ಕಿದ್ದು ಕೊಟ್ಟಕೊನೆಗೆ.

ಇಸಿಜಿ ತಂತ್ರಜ್ಞೆ:

ಬೋಧಕರು ಹೇಳಿದ ಆ ವಿಳಂಬವನ್ನು ಯಾರು ಬೇಕಾದರೂ ಕಣ್ಣಾರೆ ಕಾಣಬಹುದು. ನಿಮ್ಮ ಮನೆಯಲ್ಲಿ ಹಳೆಯ ಇಸಿಜಿ ಕಾಗದವಿದ್ದರೆ ಎದುರಿಗಿಟ್ಟುಕೊಳ್ಳಿ. ಕಾಗದವು ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಓಡುತ್ತದೆ. ಹಾಗಾಗಿ ಒಂದು ಮಿಲಿಮೀಟರಿನ ಪುಟ್ಟ ಚೌಕವೆಂದರೆ 0.04 ಸೆಕೆಂಡು, ದಪ್ಪ ಗೆರೆಯ ದೊಡ್ಡ ಚೌಕವೆಂದರೆ 0.20 ಸೆಕೆಂಡು. ಮೊದಲು ಕಾಣುವ ಸಣ್ಣ ದುಂಡನೆಯ ಉಬ್ಬು ‘ಪಿ’ ಅಲೆ, ಅದು ಹೃತ್ಕರ್ಣಗಳದು. ಅದಾದ ಮೇಲೆ ಗೆರೆ ತುಸು ದೂರ ಮಟ್ಟಸವಾಗಿ ಸಾಗುತ್ತದೆ. ಏನೂ ನಡೆಯುತ್ತಿಲ್ಲವೇನೋ ಎಂಬಂತೆ ಕಾಣುವ ಆ ಮಟ್ಟಸ ಗೆರೆಯ ಹೊತ್ತಿನಲ್ಲಿಯೇ ಸಂಕೇತವು ಎವಿ ನೋಡ್‌ನಲ್ಲಿ ತೆವಳುತ್ತಿರುತ್ತದೆ. ಬಳಿಕ ಚೂಪಾದ ‘ಕ್ಯುಆರ್‌ಎಸ್’, ಇದು ಹೃತ್ಕುಕ್ಷಿಗಳು ಎಚ್ಚೆತ್ತ ಗುರುತು. ಕೊನೆಯ ಅಗಲವಾದ ‘ಟಿ’ ಅಲೆಯು ಅವು ಮತ್ತೆ ಮೊದಲಿನ ಸ್ಥಿತಿಗೆ ಮರಳುವುದನ್ನು ಸೂಚಿಸುತ್ತದೆ.

‘ಪಿ’ ಅಲೆಯ ಆರಂಭದಿಂದ ‘ಕ್ಯುಆರ್‌ಎಸ್’ ಆರಂಭದವರೆಗೆ ಪುಟ್ಟ ಚೌಕಗಳನ್ನು ಎಣಿಸಿದರೆ ಮೂರರಿಂದ ಐದು ಸಿಗಬೇಕು, ಎಂದರೆ 0.12ರಿಂದ 0.20 ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಎವಿ ನೋಡ್ ವಾಡಿಕೆಗಿಂತ ತಡಮಾಡುತ್ತಿದೆ ಎಂದು ಅರ್ಥ. ತೀರ ಕಡಿಮೆಯಾದರೆ, ಆ ನಾರಿನ ಗೋಡೆಯಲ್ಲಿ ಹುಟ್ಟಿನಿಂದಲೇ ಉಳಿದ ಎರಡನೆಯ ಕಿಂಡಿಯೊಂದರ ಮೂಲಕ ಸಂಕೇತವು ನುಸುಳಿರಬಹುದು. 1930ರಲ್ಲಿ ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ಮೂವರು ವರ್ಣಿಸಿದ ಸ್ಥಿತಿ ಇದು. ಈಗ ಕ್ಯಾತೆಟರ್ ಎಂಬ ತೆಳುಕೊಳವೆಯ ಮೂಲಕ ಅಂಥ ಕಿಂಡಿಯನ್ನು ಸುಟ್ಟು ಮುಚ್ಚುತ್ತಾರೆ.

ಕಾಗದದ ಮೇಲೆ 10 ಮಿಲಿಮೀಟರ್ ಎತ್ತರವೆಂದರೆ 1 ಮಿಲಿವೋಲ್ಟ್ ಮಾತ್ರ. ಇಷ್ಟು ಅಲ್ಪವಾದುದನ್ನು ಚರ್ಮದ ಮೇಲಿಂದ ಹಿಡಿಯಬೇಕಾದುದರಿಂದಲೇ ನಾವು ರೋಗಿಗೆ ಅಲುಗಾಡಬೇಡಿ, ಮಾತನಾಡಬೇಡಿ ಎನ್ನುವುದು. ನಡುಕವಿರುವ ಕೈಯ ಸ್ನಾಯುಗಳ ವಿದ್ಯುತ್ತೇ ಹೃದಯದ ಗೆರೆಯನ್ನು ಮುಚ್ಚಿಹಾಕಬಲ್ಲದು. ಅಗಸ್ಟಸ್ ವಾಲರ್ 1887ರಲ್ಲಿ ಮನುಷ್ಯರ ಮೇಲೆ ಇದನ್ನು ಮೊದಲು ದಾಖಲಿಸಿದ್ದರೂ ಗೆರೆಗಳು ಸ್ಪಷ್ಟವಾಗಿರಲಿಲ್ಲ. ಬಳಿಕ ಡಚ್ ವಿಜ್ಞಾನಿ ಐಂಥೋವನ್ ಕಟ್ಟಿದ ಯಂತ್ರದಲ್ಲಿ ಜನರು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಾಗಿತ್ತು. ಅವರಿಗೆ 1924ರಲ್ಲಿ ನೊಬೆಲ್ ಬಂತು. ಪಿ, ಕ್ಯು, ಆರ್, ಎಸ್, ಟಿ ಎಂಬ ಹೆಸರುಗಳು ಕೂಡ ಅವರವೇ.

ವಿಜ್ಞಾನ ವಿದ್ಯಾರ್ಥಿನಿ:

ಇಲ್ಲಿಯವರೆಗೆ ಅರ್ಥವಾಯಿತು. ಆದರೆ ವಿದ್ಯುತ್ತಿನ ಅಲೆ ಸ್ನಾಯುವಿಗೆ ಬಂದು ಮುಟ್ಟಿದ ಮಾತ್ರಕ್ಕೆ ಸ್ನಾಯು ಕುಗ್ಗುವುದೇಕೆ? ಅಲ್ಲದೆ ಕೈಯ ಸ್ನಾಯುವನ್ನು ನಾವು ಬಿಗಿಹಿಡಿದು ನಿಲ್ಲಿಸಬಲ್ಲೆವು. ಹೃದಯವು ಹಾಗೆ ಬಿಗಿದುಕೊಂಡು ನಿಂತುಬಿಡುವ ಅಪಾಯವಿಲ್ಲವೇ?

ಶರೀರಶಾಸ್ತ್ರ ಬೋಧಕ:

ಎರಡಕ್ಕೂ ಉತ್ತರ ಕ್ಯಾಲ್ಸಿಯಂ. ಅಲೆ ಬಂದಾಗ ಹೃತ್ಕುಕ್ಷಿಯ ಕೋಶಕ್ಕೆ ಮೊದಲು ಸೋಡಿಯಂ ನುಗ್ಗುತ್ತದೆ, ಅದರ ಹಿಂದೆ ಸ್ವಲ್ಪ ಕ್ಯಾಲ್ಸಿಯಂ ಬರುತ್ತದೆ. ಹೊರಗಿನಿಂದ ಬಂದ ಆ ಸ್ವಲ್ಪ ಕ್ಯಾಲ್ಸಿಯಂ ಕೋಶದೊಳಗಿನ ಉಗ್ರಾಣದ ಬಾಗಿಲು ತೆರೆಸಿ, ಅಲ್ಲಿ ಕೂಡಿಟ್ಟಿರುವ ಕ್ಯಾಲ್ಸಿಯಂ ಅನ್ನು ಹೆಚ್ಚು ಪ್ರಮಾಣದಲ್ಲಿ ಹೊರಕ್ಕೆ ಬಿಡಿಸುತ್ತದೆ. ಅದು ಸಂಕೋಚನದ ಪ್ರೋಟೀನುಗಳ ಮೇಲೆ ಕುಳಿತಾಗ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳು ಒಂದರ ಮೇಲೊಂದು ಜಾರಿ ಸ್ನಾಯು ಕುಗ್ಗುತ್ತದೆ. ಕ್ಯಾಲ್ಸಿಯಂ ಅನ್ನು ಮತ್ತೆ ಉಗ್ರಾಣಕ್ಕೆ ಎತ್ತಿ ತುಂಬಿದಾಗ ಸ್ನಾಯು ಸಡಿಲಾಗುತ್ತದೆ. ಇದಕ್ಕೂ ಶಕ್ತಿ ಬೇಕು ಎಂಬುದನ್ನು ಗಮನಿಸಿ. ಹೃದಯಕ್ಕೆ ಸಡಿಲಾಗುವುದೂ ದುಡಿಮೆಯೇ.

ಕ್ಯಾಲ್ಸಿಯಂನ ಈ ಪಾತ್ರ ತಿಳಿದದ್ದು ಲಂಡನ್ನಿನ ನಲ್ಲಿನೀರಿನಿಂದ. ಸಿಡ್ನಿ ರಿಂಗರ್ ಎಂಬ ವೈದ್ಯ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಬಡಿಸುತ್ತಿದ್ದ. ಆ ದ್ರಾವಣವನ್ನು ಬಟ್ಟಿಯಿಳಿಸಿದ ನೀರಿನ ಬದಲು ನಲ್ಲಿಯ ನೀರಿನಿಂದ ಮಾಡಲಾಗಿದೆ ಎಂದು ತಡವಾಗಿ ತಿಳಿಯಿತು. ಶುದ್ಧ ನೀರಿನಿಂದ ಮಾಡಿದ ದ್ರಾವಣದಲ್ಲಿ ಹೃದಯ ಬೇಗನೆ ನಿಂತುಹೋಗುತ್ತಿತ್ತು. ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. 1883ರಲ್ಲಿ ಇದನ್ನು ಆತ ಪ್ರಕಟಿಸಿದ. ಆಸ್ಪತ್ರೆಗಳಲ್ಲಿ ಇಂದು ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಹೆಸರಿನಲ್ಲಿರುವುದು ಇವನೇ.

ಬಿಗಿದುಕೊಂಡು ನಿಲ್ಲುವ ಅಪಾಯದ ಬಗ್ಗೆ ಹೇಳುವುದಾದರೆ, ಕೈಯ ಸ್ನಾಯುಕೋಶದ ವಿದ್ಯುತ್ ಉದ್ರೇಕ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಒಂದರ ಬೆನ್ನಿಗೆ ಒಂದು ಸಂಕೇತ ಕಳುಹಿಸಿ ಅದನ್ನು ಬಿಗಿಹಿಡಿಸಬಹುದು. ಹೃತ್ಕುಕ್ಷಿಯ ಕೋಶದಲ್ಲಿ ಅದೇ ಉದ್ರೇಕ 200ರಿಂದ 300 ಮಿಲಿಸೆಕೆಂಡು ಉಳಿಯುತ್ತದೆ, ಹೆಚ್ಚುಕಡಿಮೆ ಸಂಕೋಚನ ಮುಗಿಯುವವರೆಗೂ. ಆ ಅವಧಿಯ ಬಹುಭಾಗದಲ್ಲಿ ಇನ್ನೊಂದು ಸಂಕೇತ ಬಂದರೆ ಕೋಶ ಅದಕ್ಕೆ ಓಗೊಡುವುದಿಲ್ಲ. ಪ್ರತಿ ಬಡಿತದ ನಂತರ ತುಂಬಿಕೊಳ್ಳಲು ಸಮಯವು ಸಿಕ್ಕೇ ಸಿಗುವಂತೆ ಹೀಗೆ ಕಟ್ಟುಮಾಡಿದೆ.

ಹಳೆಯ ಓದುಗ:

ವಿದ್ಯುತ್ತಿನ ಭಾಗ ಇಷ್ಟು ವಿವರವಾಗಿ ಬಂದಿರುವಾಗ ರಕ್ತದ ಭಾಗ ಸೊರಗಬಾರದು ಎಂದು ನಾನೂ ಬರೆಯುತ್ತಿದ್ದೇನೆ. ವಿದ್ಯುತ್ತು ರಕ್ತವನ್ನು ತಳ್ಳುತ್ತದೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅದು ತಪ್ಪು. ರಕ್ತ ಹರಿಯುವುದು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಅಷ್ಟೇ. ಸ್ನಾಯು ಕುಗ್ಗಿ ಒತ್ತಡವನ್ನು ಹುಟ್ಟಿಸುತ್ತದೆ, ಕವಾಟಗಳು ದಿಕ್ಕನ್ನು ನಿರ್ಧರಿಸುತ್ತವೆ. ಕವಾಟಗಳಿಗೆ ಸ್ವಂತ ನರವಾಗಲಿ ಸಂಕೇತವಾಗಲಿ ಬೇಕಿಲ್ಲ. ಹಿಂದಿನಿಂದ ಒತ್ತಡ ಹೆಚ್ಚಾದರೆ ತೆರೆಯುತ್ತವೆ, ಮುಂದಿನಿಂದ ಹೆಚ್ಚಾದರೆ ಮುಚ್ಚಿಕೊಳ್ಳುತ್ತವೆ. ಸ್ಟೆತೊಸ್ಕೋಪಿನಲ್ಲಿ ಕೇಳುವ ‘ಲಬ್’ ಎಂಬುದು ಹೃತ್ಕರ್ಣ ಮತ್ತು ಹೃತ್ಕುಕ್ಷಿಗಳ ನಡುವಣ ಕವಾಟಗಳು ಮುಚ್ಚಿದ ಸದ್ದು. ‘ಡಬ್’ ಎಂಬುದು ಅಪಧಮನಿಗಳ ಬಾಯಿಯಲ್ಲಿರುವ ಕವಾಟಗಳು ಮುಚ್ಚಿದ ಸದ್ದು.

ವಿಶ್ರಾಂತಿಯಲ್ಲಿ ಎಡ ಹೃತ್ಕುಕ್ಷಿಯಲ್ಲಿ ಸುಮಾರು 120 ಮಿಲಿಲೀಟರ್ ರಕ್ತ ತುಂಬುತ್ತದೆ, ಒಂದು ಬಡಿತಕ್ಕೆ ಅದರಲ್ಲಿ 70 ಮಿಲಿಲೀಟರಿನಷ್ಟು ಹೊರಬೀಳುತ್ತದೆ. ನಿಮಿಷಕ್ಕೆ 70 ಬಡಿತವೆಂದರೆ ಐದು ಲೀಟರಿಗೆ ಹತ್ತಿರ. ವಯಸ್ಕರ ದೇಹದಲ್ಲಿರುವ ಒಟ್ಟು ರಕ್ತವೂ ಸುಮಾರು ಅಷ್ಟೇ. ವಿಲಿಯಂ ಹಾರ್ವೆ 1628ರಲ್ಲಿ ತನ್ನ ವಾದವನ್ನು ನಿಲ್ಲಿಸಿದ್ದು ಇಂಥದೇ ಒಂದು ಗುಣಾಕಾರದ ಮೇಲೆ. ಯಕೃತ್ತು ಆಹಾರದಿಂದ ಸದಾ ಹೊಸ ರಕ್ತವನ್ನು ಮಾಡುತ್ತದೆ, ಅಂಗಗಳು ಅದನ್ನು ಬಳಸಿ ಮುಗಿಸುತ್ತವೆ ಎಂದು ಪ್ರಾಚೀನ ವೈದ್ಯ ಗ್ಯಾಲೆನ್‌ನ ಕಾಲದಿಂದ ನಂಬಿದ್ದರು. ಅತ್ಯಂತ ಕಡಿಮೆ ಅಂದಾಜು ಹಿಡಿದರೂ ಅರ್ಧ ಗಂಟೆಯಲ್ಲಿ ಹೃದಯ ಹೊರಹಾಕುವ ರಕ್ತವು ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚಾಗುತ್ತದೆ, ಅಷ್ಟನ್ನು ಯಾವ ಊಟದಿಂದಲೂ ಮಾಡಲಾಗದು, ಆದ್ದರಿಂದ ಅದೇ ರಕ್ತ ಸುತ್ತಿ ಬರುತ್ತಿರಬೇಕು ಎಂದು ಆತ ತೋರಿಸಿದ. ಅಪಧಮನಿಯಿಂದ ಅಭಿಧಮನಿಗೆ ಅದು ಹೇಗೆ ದಾಟುತ್ತದೆ ಎಂಬುದು ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1661ರಲ್ಲಿ, ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಲೋಮನಾಳಗಳನ್ನು, ಎಂದರೆ ಇವೆರಡನ್ನು ಕೂಡಿಸುವ ಅತಿ ಕಿರಿಯ ರಕ್ತನಾಳಗಳನ್ನು, ಕಂಡ. ಶ್ವಾಸಕೋಶದ ಮೂಲಕ ರಕ್ತ ಹಾದುಹೋಗುವುದನ್ನು ಇಬ್ನ್ ಅಲ್-ನಫೀಸ್ ಹದಿಮೂರನೆಯ ಶತಮಾನದಲ್ಲಿಯೇ ವಿವರಿಸಿದ್ದನೆಂಬುದನ್ನೂ ಮರೆಯಬಾರದು.

ಬಲಭಾಗ ಮತ್ತು ಎಡಭಾಗ ಎರಡೂ ನಿಮಿಷಕ್ಕೆ ಒಂದೇ ಪ್ರಮಾಣದ ರಕ್ತವನ್ನು ಕಳುಹಿಸುತ್ತವೆ, ಆದರೆ ಒತ್ತಡದಲ್ಲಿ ಅಂತರವಿದೆ. ಎಡ ಹೃತ್ಕುಕ್ಷಿ 120 ಮಿಲಿಮೀಟರ್ ಪಾದರಸದಷ್ಟು ಒತ್ತಡವನ್ನು ಹುಟ್ಟಿಸಿದರೆ ಬಲ ಹೃತ್ಕುಕ್ಷಿಗೆ 25 ಸಾಕು. ಎಡಭಾಗದ ಗೋಡೆ ಮೂರುಪಟ್ಟು ದಪ್ಪವಾಗಿರುವುದು ಆ ಕಾರಣಕ್ಕೆ. ಎರಡೂ ಕಡೆಯ ಲೆಕ್ಕ ಸರಿತೂಗುವುದು ಹೇಗೆಂದರೆ, ಹೃದಯದ ಸ್ನಾಯು ಹೆಚ್ಚು ತುಂಬಿ ಹಿಗ್ಗಿದಷ್ಟೂ ಮುಂದಿನ ಬಡಿತದಲ್ಲಿ ಹೆಚ್ಚು ಬಲದಿಂದ ಕುಗ್ಗುತ್ತದೆ. ಫ್ರಾಂಕ್ ಮತ್ತು ಸ್ಟಾರ್ಲಿಂಗ್ ಅವರ ಹೆಸರಿನಲ್ಲಿ ಕರೆಯುವ ಈ ನಿಯಮವಿಲ್ಲದಿದ್ದರೆ, ಬಲಭಾಗವು ಪ್ರತಿ ಬಡಿತದಲ್ಲಿ ಒಂದು ಮಿಲಿಲೀಟರ್ ಹೆಚ್ಚು ಕಳುಹಿಸಿದರೂ ಒಂದು ಗಂಟೆಯೊಳಗೆ ನಾಲ್ಕು ಲೀಟರಿಗೂ ಹೆಚ್ಚು ರಕ್ತ ಶ್ವಾಸಕೋಶದಲ್ಲಿ ಬಂದು ನಿಲ್ಲಬೇಕಾಗುತ್ತಿತ್ತು.

ಹೃದಯ ತಳ್ಳುವುದು ತಡೆತಡೆದು, ಆದರೆ ಲೋಮನಾಳಗಳಲ್ಲಿ ಹರಿವು ಹೆಚ್ಚುಕಡಿಮೆ ಸಮವಾಗಿರುತ್ತದೆ. ಮಹಾಪಧಮನಿಯ ಗೋಡೆ ಪ್ರತಿ ಬಡಿತಕ್ಕೂ ಹಿಗ್ಗಿ ಒಂದಷ್ಟು ರಕ್ತವನ್ನು ಹಿಡಿದಿಟ್ಟುಕೊಂಡು, ಹೃದಯ ಸಡಿಲಾಗಿರುವಾಗ ಅದನ್ನು ಮುಂದಕ್ಕೆ ಒತ್ತುವುದೇ ಇದಕ್ಕೆ ಕಾರಣ. ವಯಸ್ಸಾದಂತೆ ಆ ಗೋಡೆ ಬಿರುಸಾಗುವುದರಿಂದಲೇ ಹಿರಿಯರಲ್ಲಿ ಬಿ.ಪಿ.ಯ ಮೇಲಿನ ಅಂಕಿ ಏರಿ ಕೆಳಗಿನ ಅಂಕಿ ಅಲ್ಲಿಯೇ ಉಳಿಯುವುದು ಅಥವಾ ಇಳಿಯುವುದು ಹೆಚ್ಚು. ಇನ್ನೊಂದು ಸೂಕ್ಷ್ಮ: ಮಣಿಕಟ್ಟಿನಲ್ಲಿ ಬೆರಳಿಗೆ ಸಿಗುವ ನಾಡಿ ರಕ್ತದ ಆಗಮನವಲ್ಲ, ಒತ್ತಡದ ಅಲೆ. ಅದು ಅಪಧಮನಿಯ ಗೋಡೆಯಲ್ಲಿ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಸಾಗುತ್ತದೆ. ಆ ಬಡಿತದಲ್ಲಿ ಹೃದಯ ಬಿಟ್ಟ ರಕ್ತವು ಅಷ್ಟು ಹೊತ್ತಿಗೆ ಎದೆಯನ್ನೇ ದಾಟಿರುವುದಿಲ್ಲ.

ಮುಂದೆ ಕವಲೊಡೆಯುತ್ತಾ ಹೋದಂತೆ ಒಟ್ಟು ಅಡ್ಡಗಲ ಸಾವಿರಪಟ್ಟಿನ ಮಟ್ಟಿಗೆ ಹೆಚ್ಚುವುದರಿಂದ, ಲೋಮನಾಳದಲ್ಲಿ ರಕ್ತವು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ವೇಗದಲ್ಲಿ ಸಾಗುತ್ತದೆ. ಅಲ್ಲಿ ಕೆಂಪು ರಕ್ತಕಣವು ಎಷ್ಟೋ ಕಡೆ ತನಗಿಂತ ಕಿರಿದಾದ ನಾಳದಲ್ಲಿ ಮಡಿಚಿಕೊಂಡು ನುಸುಳುತ್ತದೆ. ಆಮ್ಲಜನಕ ಕೊಡುವುದು, ಇಂಗಾಲದ ಡೈಆಕ್ಸೈಡ್ ಪಡೆಯುವುದು ಎಲ್ಲವೂ ಒಂದೆರಡು ಸೆಕೆಂಡುಗಳ ಈ ಪಯಣದಲ್ಲಿಯೇ ಮುಗಿಯಬೇಕು.

ವಿದ್ಯುತ್ ಇಂಜಿನಿಯರ್:

ಹಾಗಾದರೆ ಹೃದಯಾಘಾತವೆಂದರೆ ಈ ವಿದ್ಯುತ್ ವ್ಯವಸ್ಥೆ ಕೈಕೊಡುವುದು ಎಂದು ತಿಳಿಯಬಹುದೇ? ಪತ್ರಿಕೆಗಳಲ್ಲಿ ಹೃದಯಾಘಾತ, ಹೃದಯಸ್ತಂಭನ ಎರಡನ್ನೂ ಒಂದೇ ಅರ್ಥದಲ್ಲಿ ಬರೆಯುತ್ತಾರೆ.

ಇಸಿಜಿ ತಂತ್ರಜ್ಞೆ:

ಎರಡೂ ಬೇರೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ಅಪಧಮನಿ ಮುಚ್ಚಿ, ಆ ಭಾಗದ ಸ್ನಾಯು ಸಾಯತೊಡಗುವುದು. ಅದು ರಕ್ತಪೂರೈಕೆಯ ತೊಂದರೆ. ಆ ವ್ಯಕ್ತಿಗೆ ಸಾಮಾನ್ಯವಾಗಿ ಪ್ರಜ್ಞೆಯಿರುತ್ತದೆ, ನಾಡಿಯೂ ಇರುತ್ತದೆ, ಎದೆನೋವು ಎನ್ನುತ್ತಾ ನಡೆದುಕೊಂಡೇ ಬರುವವರೂ ಉಂಟು. ಹೃದಯಸ್ತಂಭನವೆಂದರೆ ಹೃದಯವು ರಕ್ತ ತಳ್ಳುವುದನ್ನು ಹಠಾತ್ತನೆ ನಿಲ್ಲಿಸುವುದು. ಹತ್ತು ಹದಿನೈದು ಸೆಕೆಂಡುಗಳೊಳಗೆ ಪ್ರಜ್ಞೆ ತಪ್ಪುತ್ತದೆ. ಮೊದಲನೆಯದು ಎರಡನೆಯದಕ್ಕೆ ದಾರಿಮಾಡಬಹುದು, ಏಕೆಂದರೆ ರಕ್ತವಿಲ್ಲದ ಸ್ನಾಯುವಿನಲ್ಲಿ ಅಯಾನುಗಳ ಸಮತೋಲ ಕೆಟ್ಟು, ಅಲೆಗಳು ಎಲ್ಲೆಂದರಲ್ಲಿ ಸುತ್ತತೊಡಗುತ್ತವೆ. ಆಗ ಹೃತ್ಕುಕ್ಷಿ ಬಡಿಯುವ ಬದಲು ಬರಿದೇ ಅದುರುತ್ತದೆ. ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ.

ಡಿಫಿಬ್ರಿಲೇಟರ್ ಕೊಡುವ ಆಘಾತವು ನಿಂತ ಹೃದಯವನ್ನು ಎಬ್ಬಿಸುತ್ತದೆ ಎಂದು ಸಿನಿಮಾಗಳಲ್ಲಿ ತೋರಿಸುತ್ತಾರೆ, ಮಾನಿಟರಿನಲ್ಲಿ ಗೆರೆ ಮಟ್ಟಸವಾದ ಕೂಡಲೇ ಎದೆಗೆ ಹಿಡಿಯುತ್ತಾರೆ. ವಾಸ್ತವದಲ್ಲಿ ಮಟ್ಟಸ ಗೆರೆಗೆ ಆಘಾತ ಕೊಡುವುದಿಲ್ಲ. ಆಘಾತದ ಉದ್ದೇಶವು ಅದುರುತ್ತಿರುವ ಸ್ನಾಯುವಿನ ಕೋಶಗಳನ್ನು ಒಮ್ಮೆಲೇ ಉದ್ರೇಕಿಸಿ, ಅಂಡಲೆಯುವ ಅಲೆಗಳನ್ನೆಲ್ಲ ಅಳಿಸಿ, ಸೈನಸ್ ನೋಡ್‌ಗೆ ಮತ್ತೆ ಹಿಡಿತ ಸಿಗುವಂತೆ ಮಾಡುವುದು. ಯಂತ್ರ ಬರುವವರೆಗೆ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಕವಾಟಗಳು ಆಗಲೂ ತಮ್ಮ ಕೆಲಸ ಮಾಡುವುದರಿಂದ ಆ ಒತ್ತುವಿಕೆಯೇ ಮಿದುಳಿಗೆ ಒಂದಷ್ಟು ರಕ್ತ ಮುಟ್ಟಿಸುತ್ತದೆ.

ವಿಜ್ಞಾನ ವಿದ್ಯಾರ್ಥಿನಿ:

ನನಗೆ ಕೆಲವೊಮ್ಮೆ ಒಂದು ಬಡಿತ ತಪ್ಪಿದಂತಾಗಿ, ಮುಂದಿನದು ಎದೆಗೆ ಗುದ್ದಿದಂತೆ ಬರುತ್ತದೆ. ವೈದ್ಯರು ನೋಡಿ ಚಿಂತೆಯಿಲ್ಲ ಎಂದಿದ್ದಾರೆ. ಇದರ ಕಾರಣವೂ ಈ ಚರ್ಚೆಯಲ್ಲಿ ಸಿಗಬಹುದೇ?

ಶರೀರಶಾಸ್ತ್ರ ಬೋಧಕ:

ಸಿಗುತ್ತದೆ, ಅದೂ ಬಹಳ ಅಂದವಾಗಿ. ಅಲ್ಲಿ ಬಡಿತ ತಪ್ಪಿರುವುದಿಲ್ಲ, ಒಂದು ಬಡಿತ ಅವಧಿಗೆ ಮುಂಚೆ ಬಂದಿರುತ್ತದೆ. ಹೃತ್ಕುಕ್ಷಿಯ ಯಾವುದೋ ಕೋಶಸಮೂಹ ತಾನೇ ಮುಂದಾಗಿ ಉದ್ರೇಕಗೊಂಡಾಗ ಕೋಣೆಯಿನ್ನೂ ತುಂಬಿರುವುದಿಲ್ಲ, ಹಾಗಾಗಿ ಹೊರಬೀಳುವ ರಕ್ತ ಅಲ್ಪ, ಮಣಿಕಟ್ಟಿಗೆ ಅದು ತಲುಪದೆಯೂ ಹೋಗಬಹುದು. ಅದರ ಬೆನ್ನಿಗೆ ಸೈನಸ್ ನೋಡ್‌ನಿಂದ ಬರುವ ವಾಡಿಕೆಯ ಸಂಕೇತಕ್ಕೆ ಸ್ನಾಯು ಓಗೊಡುವ ಸ್ಥಿತಿಯಲ್ಲಿರುವುದಿಲ್ಲ. ಹೀಗೆ ಒಂದು ದೀರ್ಘ ವಿರಾಮ ಸಿಗುತ್ತದೆ. ಆ ವಿರಾಮದಲ್ಲಿ ಕೋಣೆ ಎಂದಿಗಿಂತ ಹೆಚ್ಚು ತುಂಬಿ ಹಿಗ್ಗುತ್ತದೆ. ಮುಂದಿನ ಬಡಿತ ಗುದ್ದಿದಂತೆ ಬರುವುದು ಫ್ರಾಂಕ್ ಮತ್ತು ಸ್ಟಾರ್ಲಿಂಗ್ ಅವರ ನಿಯಮದಂತೆ, ಕೋಶದೊಳಗೆ ಆ ಹೊತ್ತಿಗೆ ಹೆಚ್ಚು ಕ್ಯಾಲ್ಸಿಯಂ ಕೂಡಿರುವುದೂ ಇದಕ್ಕೆ ನೆರವಾಗುತ್ತದೆ. ಆರೋಗ್ಯವಂತರಲ್ಲಿ ಇದು ಸಾಮಾನ್ಯ. ತಲೆಸುತ್ತು, ಪ್ರಜ್ಞೆ ತಪ್ಪುವುದು, ಎದೆನೋವು ಜೊತೆಗೂಡಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದಕ್ಕಿಂತ ಬೇರೆಯಾದದ್ದು ಏಟ್ರಿಯಲ್ ಫಿಬ್ರಿಲೇಷನ್. ಅದರಲ್ಲಿ ಹೃತ್ಕರ್ಣಗಳು ನಿಮಿಷಕ್ಕೆ 350ರಿಂದ 600ರ ವೇಗದಲ್ಲಿ ಗೊತ್ತುಗುರಿಯಿಲ್ಲದೆ ಅದುರುತ್ತವೆ. ಆ ಸಂಕೇತಗಳೆಲ್ಲ ಕೆಳಗಿಳಿದಿದ್ದರೆ ಬದುಕುವುದೇ ಸಾಧ್ಯವಿರಲಿಲ್ಲ. ನಿಧಾನದ ಎವಿ ನೋಡ್ ಬಹುಪಾಲನ್ನು ತಡೆದು ಕೆಲವನ್ನು ಮಾತ್ರ, ಅದೂ ಕ್ರಮವಿಲ್ಲದೆ, ಬಿಡುತ್ತದೆ. ನಾಡಿ ಹಿಡಿದರೆ ಯಾವ ತಾಳಕ್ಕೂ ಸಿಗುವುದಿಲ್ಲ. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದಲೇ ಅಂಥವರಲ್ಲಿ ಹಲವರಿಗೆ ಹೆಪ್ಪುಗಟ್ಟದಂತೆ ಮಾತ್ರೆ ಕೊಡುತ್ತಾರೆ.

ಹಳೆಯ ಓದುಗ:

ಎವಿ ನೋಡ್ ಪೂರ್ತಿ ಕೆಟ್ಟರೆ ಏನಾಗುತ್ತದೆ ಎಂಬುದನ್ನೂ ಸೇರಿಸಿಬಿಡುತ್ತೇನೆ. ಕೆಳಗಿನ ಕೋಶಗಳಿಗೂ ತಾವೇ ಮಿಡಿಯುವ ಶಕ್ತಿಯುಂಟು, ಕೆಳಗಿಳಿದಂತೆ ವೇಗ ಕುಗ್ಗುತ್ತದೆ ಅಷ್ಟೇ: ಎವಿ ನೋಡ್‌ನ ಸುತ್ತಲಿನವು ನಿಮಿಷಕ್ಕೆ 40ರಿಂದ 60, ಪರ್ಕಿಂಜೆ ತಂತುಗಳು 20ರಿಂದ 40. ಮೇಲಿನಿಂದ ವೇಗದ ಸಂಕೇತ ಬರುತ್ತಿರುವವರೆಗೆ ಇವು ತಲೆಯೆತ್ತುವುದಿಲ್ಲ. ಆದರೆ 30ರ ವೇಗದಲ್ಲಿ ಮಿದುಳಿಗೆ ಸಾಲುವಷ್ಟು ರಕ್ತ ಸಿಗದೆ ಮನುಷ್ಯ ಪದೇಪದೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರು ಇದೇ ಸ್ಥಿತಿಯಲ್ಲಿದ್ದರು. ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರ ದೇಹದೊಳಗೆ ಇರಿಸಿದರು. ಮೊದಲ ಸಾಧನ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆ ಬಳಿಕ ಬದುಕಿನುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬದಲಿಸಿಕೊಂಡು ಲಾರ್ಸನ್ 2001ರವರೆಗೆ, 86ನೆಯ ವಯಸ್ಸಿನವರೆಗೆ ಬಾಳಿದರು. ಸಾಧನ ಇರಿಸಿದ ವೈದ್ಯರಿಗಿಂತಲೂ, ತಯಾರಿಸಿದ ಇಂಜಿನಿಯರಿಗಿಂತಲೂ ಹೆಚ್ಚು ಕಾಲ.

ಜಿಜ್ಞಾಸು:

ನಿಮ್ಮೆಲ್ಲರಿಗೂ ಧನ್ಯವಾದಗಳು. ನನ್ನ ಮೂರನೆಯ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ: ಇಸಿಜಿ ಸರಿಯಿದ್ದ ಮೇಲೆ ಎಕೋ ಏಕೆ?

ಶರೀರಶಾಸ್ತ್ರ ಬೋಧಕ:

ಈಗ ಅದಕ್ಕೆ ನೆಲ ಸಿದ್ಧವಾಗಿದೆ. ಇಸಿಜಿ ತೋರಿಸುವುದು ಸಂಕೇತ ಯಾವಾಗ ಹೊರಟಿತು, ಯಾವ ದಾರಿ ಹಿಡಿಯಿತು, ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು. ಸ್ನಾಯುವಿಗೆ ಹಾನಿಯಾಗಿದ್ದರೆ ಅದರ ಕುರುಹೂ ಎಷ್ಟೋ ಸಲ ಅದರಲ್ಲಿ ಸಿಗುತ್ತದೆ. ಆದರೆ ಸಂಕೇತ ತಲುಪಿದ ಮೇಲೆ ಸ್ನಾಯು ಎಷ್ಟು ಬಲದಿಂದ ಕುಗ್ಗಿತು, ಕವಾಟ ಪೂರ್ತಿ ತೆರೆಯಿತೇ, ಮುಚ್ಚಿದ ಮೇಲೆ ರಕ್ತ ಹಿಂದಕ್ಕೆ ಸೋರಿತೇ, ತುಂಬಿದ 120 ಮಿಲಿಲೀಟರಿನಲ್ಲಿ 70 ಹೊರಬಿತ್ತೇ ಅಥವಾ 40 ಮಾತ್ರವೇ ಎಂಬುದನ್ನು ಅದು ನೇರವಾಗಿ ಹೇಳಲಾರದು. ಎಕೋ ಪರೀಕ್ಷೆಯಲ್ಲಿ ಶ್ರವಣಾತೀತ ಧ್ವನಿಯ ಮೂಲಕ ಗೋಡೆಗಳ ಚಲನೆಯನ್ನೂ ಕವಾಟಗಳ ಆಟವನ್ನೂ ಪರದೆಯ ಮೇಲೆ ಕಾಣಬಹುದು, ಡಾಪ್ಲರ್ ತಂತ್ರದಿಂದ ರಕ್ತದ ದಿಕ್ಕು ಮತ್ತು ವೇಗವನ್ನೂ ಅಳೆಯಬಹುದು. ತುಂಬಿದ್ದರಲ್ಲಿ ಹೊರಬಿದ್ದ ಪಾಲನ್ನು ಇಜೆಕ್ಷನ್ ಫ್ರಾಕ್ಷನ್ ಎನ್ನುತ್ತಾರೆ, ವರದಿಯಲ್ಲಿ ‘ಇ.ಎಫ್.’ ಎಂದು ಬರೆದಿರುತ್ತಾರೆ. ಅದು ಶೇಕಡಾ 55ರಿಂದ 70ರ ನಡುವೆ ಇರುವುದು ಸಾಮಾನ್ಯ.

ಎರಡರ ನಡುವಿನ ಅಂತರ ಪೂರ್ತಿಯಾಗಿ ಬಯಲಾಗುವ ಸ್ಥಿತಿಯೂ ಒಂದಿದೆ. ಭಾರೀ ರಕ್ತಸ್ರಾವವಾಗಿ ಹೃದಯಕ್ಕೆ ಮರಳುವ ರಕ್ತವೇ ಇಲ್ಲದಾದಾಗ, ಹೃದಯದ ಸುತ್ತಲಿನ ಚೀಲದಲ್ಲಿ ದ್ರವ ತುಂಬಿ ಕೋಣೆಗಳು ಹಿಗ್ಗಲಾರದಾದಾಗ, ಅಥವಾ ದೊಡ್ಡ ಹೆಪ್ಪೊಂದು ಶ್ವಾಸಕೋಶದ ಅಪಧಮನಿಯನ್ನು ಮುಚ್ಚಿದಾಗ, ಮಾನಿಟರಿನಲ್ಲಿ ಸಾಕಷ್ಟು ಕ್ರಮಬದ್ಧವಾದ ಅಲೆಗಳು ಕಾಣುತ್ತಿದ್ದರೂ ನಾಡಿ ಸಿಗುವುದಿಲ್ಲ. ಅಂಥಲ್ಲಿ ಆಘಾತ ಕೊಟ್ಟು ಪ್ರಯೋಜನವಿಲ್ಲ, ಏಕೆಂದರೆ ಕೆಟ್ಟಿರುವುದು ಸಂಕೇತವಲ್ಲ. ಎದೆ ಒತ್ತುತ್ತಲೇ ಇದ್ದು, ರಕ್ತ ಏರಿಸುವುದೋ, ದ್ರವ ಹೊರತೆಗೆಯುವುದೋ, ಹೆಪ್ಪು ಕರಗಿಸುವುದೋ, ಕಾರಣ ಯಾವುದೆಂದು ಹುಡುಕಿ ಅದನ್ನೇ ಸರಿಪಡಿಸಬೇಕು. ಆದ್ದರಿಂದಲೇ ಅನುಭವಿ ವೈದ್ಯರು ಮಾನಿಟರಿನ ಗೆರೆ ಎಷ್ಟೇ ಚೆನ್ನಾಗಿದ್ದರೂ ಕುತ್ತಿಗೆಯ ಅಪಧಮನಿಯ ಮೇಲೆ ಎರಡು ಬೆರಳಿಟ್ಟು ನೋಡದೆ ಬಿಡುವುದಿಲ್ಲ. ನಿಮ್ಮ ಸಂಬಂಧಿಕರ ವಿಷಯದಲ್ಲಿ ವೈದ್ಯರು ಕವಾಟದ ಸದ್ದಿನಲ್ಲಿ ಏನನ್ನಾದರೂ ಗಮನಿಸಿರಬಹುದು, ಅಥವಾ ಉಸಿರುಗಟ್ಟುವಿಕೆಯಂಥ ದೂರಿಗೆ ಕಾರಣ ಹುಡುಕುತ್ತಿರಬಹುದು. ವರದಿ ಕೈಗೆ ಬಂದಾಗ ಇ.ಎಫ್. ಎಷ್ಟಿದೆ, ಕವಾಟಗಳ ಬಗ್ಗೆ ಏನು ಬರೆದಿದೆ ಎಂಬ ಎರಡು ಸಂಗತಿಗಳನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ.